ಕಾರಿಲ್ಲದ ಪೇಟೆಯಲ್ಲಿ ಪಾತ್ರೆ ಅಂಗಡಿ

ಪಾತ್ರೆ ಅಂಗಡಿಯಲ್ಲಿ ಕೂತವನು ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ತಿಂಗಳಿಗೆ ಒಂದಾದರೂ ಪ್ರಸಂಗ ತಾನಾಗಿಯೇ ಮೆಟ್ಟಿಲು ಹತ್ತಿ ಬರುತ್ತದೆ. ಸಾಗರದ ಪೇಟೆ ಬೀದಿಯಲ್ಲಿ ಇಷ್ಟು ವರ್ಷದಿಂದ ಗಲ್ಲಾದ ಹಿಂದೆ ಕೂತು ನಾನು ಇಂಥವು ಎಷ್ಟೋ ನೋಡಿದ್ದೇನೆ. ಆದರೆ ನಮ್ಮ ಬೀದಿಗೆ ಕಾರು ಬಿಡಬಾರದು ಅಂತ ಮೂರು ತಿಂಗಳ ಪ್ರಯೋಗ ನಡೆಯಿತಲ್ಲ, ಆಗ ಬಂದ ಹಾಗೆ ಒಂದರ ಹಿಂದೆ ಒಂದು ಯಾವತ್ತೂ ಬಂದಿರಲಿಲ್ಲ. ಆ ಹೊತ್ತಿಗೆ ನನಗೆ ನಗು ಬರುತ್ತಿರಲಿಲ್ಲ ಅನ್ನುವುದು ಬೇರೆ ಮಾತು.

೧. ಸಾಕ್ಷಿಗೆ ಒಂದು ಫೋಟೋ

ಯುಗಾದಿ ಕಳೆದ ಮೇಲೆ ಬೀದಿಯ ಎರಡೂ ತುದಿಗೆ ಬೋರ್ಡು ಬಂತು. ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಎಂಟರವರೆಗೆ ಕಾರು, ಜೀಪು, ವ್ಯಾನು, ಆಟೋ ಯಾವುದಕ್ಕೂ ಪ್ರವೇಶ ಇಲ್ಲ. ಕೆಳಗಿನ ಮೈದಾನದಲ್ಲಿ ನಿಲ್ಲಿಸಿ ನಡೆದು ಬನ್ನಿ. ಮೂರು ತಿಂಗಳು ನೋಡಿ, ಆಮೇಲೆ ಸಭೆ ಕರೆದು, ಬೇಕೋ ಬೇಡವೋ ತೀರ್ಮಾನ.

ನಾನು ಮಾರುವುದು ಬಾಚಣಿಗೆ ಅಲ್ಲ. ಬಚ್ಚಲ ಹಂಡೆ, ಅಡುಗೆಯವರ ಕೊಪ್ಪರಿಗೆ, ಮದುವೆ ಮನೆಯ ಪಾತ್ರೆ. ಹಂಡೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಯಾರು ಮೈದಾನದವರೆಗೆ ನಡೆಯುತ್ತಾರೆ? ಹೊಸನಗರದವರು, ತೀರ್ಥಹಳ್ಳಿಯವರು ನಮ್ಮನ್ನು ಬಿಟ್ಟು ಸೀದಾ ಶಿವಮೊಗ್ಗಕ್ಕೆ ಹೋಗುತ್ತಾರೆ. ಅಪ್ಪ ಹಾಕಿಕೊಟ್ಟ ಅಂಗಡಿ ಇದು. ಇದನ್ನು ಮುಚ್ಚಿದರೆ ನನಗೆ ಬೇರೆ ಕೆಲಸ ಬರುವುದಿಲ್ಲ. ನಿಜವಾಗಿ ಹೆದರಿದ್ದೆ. ಹೆದರಿದಾಗ ನಾನು ಕೂಗಾಡುತ್ತೇನೆ.

"ನೀವು ಕೂಗುವಷ್ಟು ನಮ್ಮ ಅಂಗಡಿಯ ಯಾವ ಕುಕ್ಕರೂ ಕೂಗುವುದಿಲ್ಲ," ಅಂದಳು ಹೆಂಡತಿ. ಅವಳೂ ದಿನಾ ನನ್ನ ಜೊತೆ ಅಂಗಡಿಯಲ್ಲೇ ಇರುತ್ತಾಳೆ. ಹಾಗಾಗಿ ನನ್ನ ಯಾವ ಮೂರ್ಖತನವೂ ಮನೆಗೆ ಹೋಗಿ ಹೇಳುವ ತನಕ ಉಳಿಯುವುದಿಲ್ಲ.

ಕೂಗಾಡಿ ಸುಮ್ಮನಾಗಲಿಲ್ಲ ನಾನು. ವಿರೋಧದ ಅರ್ಜಿ ಬರೆದು ಬೀದಿಯ ಎಲ್ಲ ಅಂಗಡಿಯವರ ಸಹಿ ಹಾಕಿಸಿದೆ. ಪ್ರಯೋಗ ಶುರುವಾಗುವ ಹಿಂದಿನ ದಿನ ಎದುರಿನ ಜವಳಿ ಅಂಗಡಿಯ ಮಹಡಿ ಹತ್ತಿ ಮೊಬೈಲಿನಲ್ಲಿ ಒಂದು ಫೋಟೋ ಹೊಡೆದೆ. ಎರಡೂ ಕಡೆ ಒತ್ತೊತ್ತಾಗಿ ಕಾರು. ನಡುವೆ ಒಂದು ಕೆಂಪು ಕಾರು ಅಡ್ಡಡ್ಡ ನಿಂತು, ಅದರ ಚಾಲಕ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೈ ಬೀಸುತ್ತಿದ್ದಾನೆ. ನೋಡಿದರೆ ಸಾಕು, ಎಂಥ ವ್ಯಾಪಾರ ನಡೆಯುವ ಬೀದಿ ಅಂತ ಗೊತ್ತಾಗಬೇಕು. ಸ್ಟುಡಿಯೋಕ್ಕೆ ಕೊಟ್ಟು ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದೆ.

"ಯಾರು ಹೋದರು ಅಂತ ಇಷ್ಟು ದೊಡ್ಡ ಫೋಟೋ?" ಅಂತ ಕೇಳಿದರು ಸ್ಟುಡಿಯೋದವರು.

"ನಮ್ಮ ವ್ಯಾಪಾರ," ಅಂದೆ.

೨. ಲಾಂಚಿಗೆ ಕಾದವರು

ನಮ್ಮ ಕಡೆಯ ಬ್ಯಾರಿಕೇಡಿಗೆ ಒಬ್ಬ ಹೋಂ ಗಾರ್ಡ್ ಹೆಣ್ಣುಮಗಳನ್ನು ಹಾಕಿದ್ದರು. ತಾಳ್ಮೆ ಜಾಸ್ತಿ, ಮಾತು ಕಡಿಮೆ. ಕಾರಿನವರು ಎಷ್ಟೇ ಹಾರಾಡಿದರೂ "ಮೈದಾನ ಆ ಕಡೆ ಸಾರ್" ಅಂತ ಒಂದೇ ಮಾತು.

ಎರಡನೇ ದಿನ ತುಮರಿ ಕಡೆಯ ಒಬ್ಬ ಹಿರಿಯರು ಹೆಂಡತಿಯನ್ನು ಕೂರಿಸಿಕೊಂಡು ಕಾರಿನಲ್ಲಿ ಬಂದರು. ಶರಾವತಿ ಹಿನ್ನೀರಿನ ಆಚೆಯವರು. ಈಗ ಸೇತುವೆ ಆಗಿದೆ, ಆದರೆ ಅವರ ಆಯುಷ್ಯದ ಬಹುಪಾಲು, ಕಾರನ್ನೂ ಹೇರಿಕೊಂಡು ಹೊಳೆ ದಾಟಿಸುವ ಲಾಂಚಿಗೆ ಕಾದೇ ಕಳೆದದ್ದು. ರಸ್ತೆಗೆ ಅಡ್ಡ ಏನಾದರೂ ಕಂಡರೆ ಎಂಜಿನ್ ಆಫ್ ಮಾಡಿ, ಸೀಟು ಹಿಂದಕ್ಕೆ ಬಾಗಿಸಿ ಒರಗುವುದು ಅವರ ಕೈಕಾಲಿಗೇ ಬಂದುಬಿಟ್ಟಿದೆ. ಬ್ಯಾರಿಕೇಡ್ ಕಂಡಿತು, ಕಾರು ನಿಲ್ಲಿಸಿದರು, ಒರಗಿದರು. ಹೆಂಡತಿ ಬಾಗಿಲು ತೆಗೆಯಹೋದರೆ, "ಇಳಿಯಡ ಮಾರಾಯ್ತಿ, ಈಗ ಬಿಡ್ತ," ಅಂದರಂತೆ.

ಅವರ ಹಿಂದೆ ಬಂದದ್ದೂ ಹೊಳೆಯಾಚೆಯ ಕಾರೇ. ಅದೂ ನಿಂತಿತು. ಅದರ ಹಿಂದೆ ಇನ್ನೊಂದು. ಒಬ್ಬರೂ ಹಾರ್ನ್ ಮಾಡಲಿಲ್ಲ, ಜಗಳ ಮಾಡಲಿಲ್ಲ. ಒಬ್ಬರು ಇಳಿದು ಎಲೆ ಅಡಿಕೆ ಹಾಕಿಕೊಂಡರು. ಇನ್ನೊಬ್ಬರು ಡಿಕ್ಕಿ ತೆಗೆದು ಅವಲಕ್ಕಿಯ ಡಬ್ಬಿ ಹೊರಗೆ ತೆಗೆದರು. ಹೋಂ ಗಾರ್ಡ್‌ಗೆ ಕೈಕಾಲು ಆಡಲಿಲ್ಲ. ಬೈಯುವವರಿಗೆ ಉತ್ತರ ಕೊಟ್ಟು ಗೊತ್ತಿತ್ತು ಅವಳಿಗೆ, ಇಷ್ಟು ನೆಮ್ಮದಿಯಿಂದ ಕಾಯುವವರಿಗೆ ಏನು ಹೇಳುವುದು?

ಕಡೆಗೆ ಮೊದಲನೇ ಕಾರಿನ ಹತ್ತಿರ ಹೋಗಿ, "ಸಾರ್, ಇದು ರಾತ್ರಿ ಎಂಟು ಗಂಟೆವರೆಗೂ ತೆಗೆಯಲ್ಲ," ಅಂದಳು.

ಹಿರಿಯರು ಕಣ್ಣು ಕೂಡ ಪೂರ್ತಿ ತೆರೆಯದೆ ಕೇಳಿದರು: "ಅಡ್ಡಿಲ್ಲಮ್ಮ. ಮೊದಲನೇ ಟ್ರಿಪ್ಪಲ್ಲೇ ನಮ್ಮ ಕಾರು ಹಿಡೀತದಲ?"

೩. ಮೆತ್ತಗೆ ಹೇಳಿದ ಮಾತು

ಮೊದಲ ಎರಡು ವಾರ ವ್ಯಾಪಾರ ಬಿತ್ತು. ಸುಳ್ಳು ಹೇಳುವುದಿಲ್ಲ. ದೊಡ್ಡ ಪಾತ್ರೆ ಕೇಳುವವರೇ ಇಲ್ಲ. ನಾನು ಮಧ್ಯಾಹ್ನ ಬಾಗಿಲಲ್ಲಿ ನಿಂತು ಖಾಲಿ ರಸ್ತೆ ನೋಡುತ್ತಿದ್ದೆ. ಊಟ ಸೇರುತ್ತಿರಲಿಲ್ಲ.

ಜನ ಬರುತ್ತಿದ್ದರು, ಆದರೆ ನಡೆದು ಬರುವವರು. ಆರಾಮಾಗಿ, ಅಂಗಡಿ ಅಂಗಡಿ ಇಣುಕುತ್ತ. ಒಂದು ದಿನ ಕಾರ್ಗಲ್ ಕ್ವಾರ್ಟರ್ಸಿನ ಒಬ್ಬ ಹೆಂಗಸು ಬಂದು ಊಟದ ತಟ್ಟೆಗಳನ್ನು ಒಂದೊಂದಾಗಿ ಎತ್ತಿ, ಬೆರಳಲ್ಲಿ ಬಡಿದು, ಇಟ್ಟು, ಮತ್ತೆ ಎತ್ತಿ ಅರ್ಧ ಗಂಟೆ ನೋಡಿದರು. ನಾನು ಹೆಂಡತಿಗೆ ಮೆತ್ತಗೆ, "ಇವರು ತಗೊಳ್ಳೋ ಪೈಕಿ ಅಲ್ಲ ಬಿಡು, ಹೊತ್ತು ಹೋಗದೆ ಬಂದವರು," ಅಂದೆ.

ನಾನು ಮರೆತದ್ದು ಒಂದೇ. ಇಷ್ಟು ವರ್ಷ ನಾನು 'ಮೆತ್ತಗೆ' ಮಾತಾಡುತ್ತಿದ್ದದ್ದು ಹಾರ್ನುಗಳ ನಡುವೆ. ಈಗ ಹಾರ್ನ್ ಇಲ್ಲ. ನನ್ನ ಮಾತು ಅಂಗಡಿಯೊಳಗೆಲ್ಲ ಸುತ್ತಿ, ರಸ್ತೆ ದಾಟಿ, ಎದುರಿನ ಜವಳಿ ಅಂಗಡಿಗೂ ಹೋಯಿತು. ಆ ಅಂಗಡಿಯವರು ಅಲ್ಲಿಂದಲೇ ತಲೆ ಎತ್ತಿ ನೋಡಿದರು.

ಆ ಹೆಂಗಸು ತಿರುಗಿ ನನ್ನನ್ನೇ ನೋಡಿದರು. "ಹೌದಾ? ಹೊತ್ತು ಹೋಗದೆ ಬಂದೆನಾ? ಹನ್ನೆರಡು ತಟ್ಟೆ ಕಟ್ಟಿ. ಹನ್ನೆರಡು ಲೋಟ. ಆ ಮೇಲಿನ ಇಡ್ಲಿ ಪಾತ್ರೆಯನ್ನೂ ಇಳಿಸಿ," ಅಂತ ಹೇಳಿ ಎಲ್ಲ ಕಟ್ಟಿಸಿಕೊಂಡು, ನನ್ನ ಮುಖವನ್ನೂ ನೋಡದೆ ಹೋದರು.

ನಾನು ನಾಚಿಕೆಯಿಂದ ಮೂಲೆ ಹಿಡಿದು ಕೂತೆ. ಹೆಂಡತಿ ಮುಂದೆ ಬಂದು, "ಇನ್ನು ಮೇಲೆ ಬಂದವರಿಗೆಲ್ಲ ಹಾಗೇ ಹೇಳಿ," ಅಂದಳು.

೪. ದಪ್ಪ ತಗಡಿನ ಕೊಪ್ಪರಿಗೆ

ಮೊದಲೆಲ್ಲ ಹಳ್ಳಿಯಿಂದ ಬಸ್ಸಿನಲ್ಲಿ ಬಂದವರು ಗುರುತಿನ ಅಂಗಡಿಯಲ್ಲಿ ಚೀಲ ಇಟ್ಟು, ಪೇಟೆ ಸುತ್ತಿ, ಬಸ್ಸಿನ ಹೊತ್ತಿಗೆ ಬಂದು ಒಯ್ಯುತ್ತಿದ್ದರು. ಕಾರು ಬಂದ ಮೇಲೆ ಚೀಲ ಕಾರಿನಲ್ಲೇ ಉಳಿಯತೊಡಗಿತು. ಈಗ ಕಾರು ಮೈದಾನದಲ್ಲಿ. ಪ್ರತಿ ಚೀಲಕ್ಕೂ ಅಲ್ಲಿಯವರೆಗೆ ಯಾರು ಹೋಗಿ ಬರುತ್ತಾರೆ? "ಇಲ್ಲೊಂದು ಚೂರು ಇಟ್ಟಿರ್ತೀನಿ, ಆಮೇಲೆ ಬಂದು ಒಯ್ತೀನಿ" ಅನ್ನುವ ಹಳೇ ಮಾತು ವಾಪಸ್ಸು ಬಂತು. ಹೆಂಡತಿಗೆ ಅದರಿಂದ ಬಹಳ ಖುಷಿ. ಚೀಲ ಇಡಲು ಬಂದವರು ಎರಡು ಮಾತಾಡುತ್ತಾರೆ, ಒಯ್ಯಲು ಬಂದವರು ಒಂದು ಸೌಟಾದರೂ ಕೊಳ್ಳುತ್ತಾರೆ. ನನಗೆ ಮಾತ್ರ ಕಾಲಿಡಲು ಜಾಗ ಇಲ್ಲ. "ಅಂಗಡಿಯೋ ಬಸ್ ಸ್ಟ್ಯಾಂಡೋ?" ಅಂತ ರೇಗಿದೆ. ಅವಳು ಚೀಲಗಳನ್ನೆಲ್ಲ ಎತ್ತಿ ಮೂಲೆಯ ದೊಡ್ಡ ಕೊಪ್ಪರಿಗೆಯೊಳಗೆ ಹಾಕಿ, ಧೂಳು ಬೀಳದ ಹಾಗೆ ಮುಚ್ಚಳ ಮುಚ್ಚಿ ಊಟಕ್ಕೆ ಮನೆಗೆ ಹೋದಳು. ನನಗೆ ಹೇಳಿದ್ದಳಂತೆ. ನಾನು ಸಿಟ್ಟಿನಲ್ಲಿದ್ದೆ, ಕೇಳಿಸಿಕೊಂಡಿರಲಿಲ್ಲ.

ಅದೇ ಹೊತ್ತಿಗೆ ತೀರ್ಥಹಳ್ಳಿಯ ಅಡುಗೆ ಭಟ್ಟರು ಬಂದರು. ಮದುವೆ ಅಡುಗೆ ಹಿಡಿಯುವವರು, ಹಳೇ ಗಿರಾಕಿ. ವ್ಯಾನು ಮೈದಾನದಲ್ಲಿ ನಿಲ್ಲಿಸಿ ಬಿಸಿಲಲ್ಲಿ ನಡೆದು ಬಂದಿದ್ದಾರೆ! ನನಗೆ ಅಳುವೇ ಬಂತು. ಅವರು ಕಣ್ಣಾಡಿಸಿ, "ಆ ಮೂಲೇದು ಕೊಡಿ," ಅಂದರು. ನಾನು ಓಡಿಹೋಗಿ ಇಬ್ಬರು ಹಮಾಲಿಗಳನ್ನು ಕರೆದೆ. ಅವರು ಮುಚ್ಚಳ ಸಮೇತ ಬಿದಿರಿಗೆ ಕಟ್ಟಿ ಎತ್ತಿದರು. ಒಬ್ಬ ಮುಖ ಕೆಂಪಗೆ ಮಾಡಿಕೊಂಡು, "ಎಂತ ಭಾರ ಇದು!" ಅಂದ.

ನಾನು ಎದೆ ಉಬ್ಬಿಸಿ ಭಟ್ಟರಿಗೆ ಹೇಳಿದೆ: "ನಮ್ಮ ಮಾಲೇ ಹಾಗೆ. ದಪ್ಪ ತಗಡು."

ಸಂಜೆ ಊರಿಗೆ ಹೊರಡುವ ಹೊತ್ತಿಗೆ ಏಳು ಜನ ಚೀಲ ಕೇಳಿಕೊಂಡು ಬಂದರು. ಹೆಂಡತಿ ಮೂಲೆ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನಾನು ಗಾಬರಿಯಾಗಿ ಭಟ್ಟರಿಗೆ ಫೋನು ಹಚ್ಚಿದೆ.

"ಹೋ, ನೋಡಿದೆ, ನೋಡಿದೆ," ಅಂದರು ಭಟ್ಟರು. "ಪಾಪ, ಕಾರು ನಿಲ್ಲಿಸಿದ ಮೇಲೆ ಗಿರಾಕಿ ಹಿಡಿಯೋಕೆ ಸಾಮಾನೆಲ್ಲ ಬಿಟ್ಟಿ ಕೊಡ್ತಿದ್ದೀರಿ ಅಂದುಕೊಂಡೆ. ಜಿಲೇಬಿ ಚೆನ್ನಾಗಿತ್ತು."

ಏಳು ಜನರ ಎದುರಿಗೆ ನಾನು ಬೆವರು ಒರೆಸಿಕೊಂಡು ವಿಷಯ ಹೇಳಿದೆ. ಜಿಲೇಬಿ ಬಿಟ್ಟು ಉಳಿದದ್ದನ್ನೆಲ್ಲ ಮರುದಿನ ಬೆಳಿಗ್ಗೆ ಬಸ್ಸಿನ ಕಂಡಕ್ಟರ್ ಕೈಲಿ ಕಳಿಸುವುದಾಗಿ ಭಟ್ಟರು ಒಪ್ಪಿದರು. ಫೋನ್ ಇಡುವಾಗ ಮಾತ್ರ ಸ್ವಲ್ಪ ಬೇಸರದಲ್ಲಿ ಅಂದರು: "ಒಳ್ಳೇದೇ ಆಯ್ತು ಬಿಡಿ. ಆ ಚಪ್ಪಲಿ ಹೇಗೂ ನನಗೆ ಬಿಗಿ ಆಗ್ತಿತ್ತು."

೫. ಮಂಡಿನೋವಿನ ಟೀಚರಮ್ಮ

ಇದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಈ ಪ್ರಯೋಗದಿಂದ ನಿಜವಾಗಿ ಕಷ್ಟ ಪಟ್ಟವರು ನಾನಲ್ಲ, ರಿಟೈರ್ಡ್ ಟೀಚರಮ್ಮ. ಎರಡೂ ಮಂಡಿ ಹೋಗಿದೆ. ಡಾಕ್ಟರ ಕ್ಲಿನಿಕ್ಕು ನಮ್ಮ ಬೀದಿಯ ಇನ್ನೊಂದು ತುದಿಯಲ್ಲಿ. ಮೊದಲು ಆಟೋ ಬಾಗಿಲಿಗೇ ಹೋಗುತ್ತಿತ್ತು. ಈಗ ಬ್ಯಾರಿಕೇಡಿನ ಹತ್ತಿರ ಇಳಿದು, ಕೋಲು ಊರಿಕೊಂಡು ಅಷ್ಟುದ್ದದ ಬೀದಿ ನೋಡಿ ನಿಂತುಬಿಟ್ಟರು. ಇಂಥವರಿಗೆ ಆಟೋ ಬಿಡಬೇಕು ಅಂತ ನಾನು ಆವತ್ತೇ ಅರ್ಜಿಗೆ ಒಂದು ಸಾಲು ಸೇರಿಸಿದೆ. ಅರ್ಜಿಯಲ್ಲಿ ನನ್ನ ಸ್ವಂತ ಲಾಭಕ್ಕಲ್ಲದೆ ಬರೆದ ಸಾಲು ಅದೊಂದೇ.

ಹೋಂ ಗಾರ್ಡ್ ತಾನು ಕೂರುವ ಪ್ಲಾಸ್ಟಿಕ್ ಕುರ್ಚಿಯನ್ನು ಎತ್ತಿಕೊಂಡು ಅವರ ಜೊತೆ ನಡೆದಳು. ಹತ್ತು ಹೆಜ್ಜೆಗೊಮ್ಮೆ ಕುರ್ಚಿ ಇಡುವುದು, ಕೂರಿಸುವುದು. ಅದನ್ನು ನೋಡಿ ನಮಗೆಲ್ಲ ನಾಚಿಕೆಯಾಗಿ, ಮುಂದಿನ ವಾರದಿಂದ ಪ್ರತಿ ಅಂಗಡಿಯವರೂ ಬಾಗಿಲಿಗೆ ಒಂದು ಸ್ಟೂಲು ಹಾಕಿದೆವು. ಟೀಚರಮ್ಮ ಒಂದೊಂದು ಸ್ಟೂಲಿನಲ್ಲೂ ಕೂತು ಎದ್ದು ಮುಂದೆ ಹೋಗತೊಡಗಿದರು. ಬೀದಿಯಲ್ಲಿ ಅರ್ಧಕ್ಕರ್ಧ ಅಂಗಡಿಯವರು ಅವರ ಹತ್ತಿರ ಕಲಿತವರೇ. ಕೂತ ಕಡೆ ಕಾಫಿ, ಕೂತ ಕಡೆ ವಿಚಾರಣೆ. ಜವಳಿ ಅಂಗಡಿಯವರಿಗಂತೂ ಮಗ್ಗಿ ಕೇಳಿದರು. ಹದಿನಾರರ ಮಗ್ಗಿಯಲ್ಲಿ ಅವರು ಇವತ್ತಿಗೂ ಎಡವುತ್ತಾರೆ.

ಎರಡು ಗಂಟೆ ಹಿಡಿಯಿತು ಕ್ಲಿನಿಕ್ಕು ಮುಟ್ಟಲು. ಡಾಕ್ಟರೂ ಹಳೇ ವಿದ್ಯಾರ್ಥಿಯೇ. "ಮಂಡಿ ಹೇಗಿದೆ ಟೀಚರ್?" ಅಂತ ಕೇಳಿದರಂತೆ.

"ಮಂಡಿ ಹೇಗಿತ್ತೋ ಹಾಗಿದೆ. ಎಂಟು ಅಂಗಡೀಲಿ ಕಾಫಿ ಕುಡಿದು ಎದೆ ಉರೀತಾ ಇದೆ. ಮೊದಲು ಅದಕ್ಕೆ ಮಾತ್ರೆ ಕೊಡು."

೬. ಹಂಡೆಯ ಮೆರವಣಿಗೆ

ಪ್ರಯೋಗದ ಕೊನೆ ಕೊನೆಗೆ ತುಮರಿಯ ಹಿರಿಯರು ಮತ್ತೆ ಬಂದರು. ಈ ಸಲ ಬ್ಯಾರಿಕೇಡಿನಲ್ಲಿ ಒರಗಲಿಲ್ಲ. ಕಾರನ್ನು ಮೈದಾನದಲ್ಲಿಟ್ಟು ನಡೆದೇ ಬಂದು ತಾಮ್ರದ ದೊಡ್ಡ ಹಂಡೆ ಆರಿಸಿದರು. ಹಮಾಲಿಗಳು ಆ ದಿನ ಸಿಗಲಿಲ್ಲ. ಬಂದ ಗಿರಾಕಿಯನ್ನು ಬಿಡುವುದುಂಟೇ? ಬಿದಿರಿಗೆ ಹಂಡೆ ಕಟ್ಟಿ, ಮುಂದೆ ಅವರು, ಹಿಂದೆ ನಾನು, ಹೊತ್ತುಕೊಂಡು ಬೀದಿಯ ನಡುವೆ ಹೊರಟೆವು. ಕಾರಿಲ್ಲದ ಕಾರಣ ರಸ್ತೆಯೆಲ್ಲ ನಮ್ಮದೇ. ಬಿಸಿಲಿಗೆ ತಾಮ್ರ ಫಳಫಳ ಹೊಳೆಯುತ್ತಿತ್ತು.

ಎಲ್ಲರೂ ಬಾಗಿಲಿಗೆ ಬಂದರು. "ಯಾರ ಮನೇಲಿ ಗೃಹಪ್ರವೇಶ?" "ತೂಕ ಎಷ್ಟು ಬಂತು?" "ಎಲ್ಲಿ ತಗಂಡ್ರಿ?" ಹಿರಿಯರು ಪ್ರತಿಯೊಬ್ಬರಿಗೂ ನಿಂತು ಉತ್ತರ ಕೊಟ್ಟರು. ಅವರು ನಿಂತಾಗ ನಾನೂ ನಿಲ್ಲಬೇಕು, ಹೆಗಲ ಮೇಲೆ ಬಿದಿರು ಇತ್ತಲ್ಲ. ಹೆಗ್ಗೋಡಿನ ಕಡೆಯ ಇಬ್ಬರು ಹಂಡೆಯನ್ನು ಬಡಿದು ನೋಡಿ, ನಮ್ಮ ಹಿಂದೆಯೇ ಮೈದಾನದವರೆಗೆ ಬಂದು, ಆಮೇಲೆ ನನ್ನ ಜೊತೆ ಅಂಗಡಿಗೆ ವಾಪಸ್ಸು ಬಂದು ಒಂದೊಂದು ಹಂಡೆ ಗೊತ್ತುಮಾಡಿದರು. ಕಾರಿನ ಡಿಕ್ಕಿಯಲ್ಲಿ ಹೋದ ಹಂಡೆಯನ್ನು ಯಾರೂ ನೋಡುವುದಿಲ್ಲ ಅಂತ ನನಗೆ ಆವತ್ತೇ ಹೊಳೆಯಿತು. ಆದರೆ ಸಹಿ ಹಾಕಿಸಿ ಆಗಿದೆ, ಫೋಟೋಕ್ಕೆ ಕಟ್ಟು ಹಾಕಿಸಿ ಆಗಿದೆ. ಹೊಳೆದದ್ದನ್ನೆಲ್ಲ ಒಪ್ಪಿಕೊಳ್ಳುವ ಸ್ವಭಾವವೂ ನನ್ನದಲ್ಲ.

ಮೈದಾನದಲ್ಲಿ ಹಂಡೆ ಇಳಿಸಿ ನಾನು ಸೊಂಟ ಹಿಡಿದುಕೊಂಡು, "ನೋಡಿದ್ರಾ, ಕಾರು ಬಿಡದೆ ಹೊಳೆಯಾಚೆಯ ಗಿರಾಕಿಗೆ ಎಷ್ಟು ಕಷ್ಟ! ನಾಡಿದ್ದು ಸಭೆ ಇದೆ. ನೀವು ಬಂದು ಸಾಕ್ಷಿ ಹೇಳಬೇಕು," ಅಂದೆ.

"ಬರಬಹುದು," ಅಂದರು ಹಿರಿಯರು. "ಆದರೆ ಹಂಡೆ ಮುಂದಿನ ತುದಿ ಹೊತ್ತಿದ್ದಕ್ಕೆ ಎಂತಾದರೂ ಕಡಿಮೆ ಮಾಡಿ ಮಾರಾಯ್ರೆ."

೭. ಸಭೆ

ಕಲ್ಯಾಣ ಮಂಟಪದಲ್ಲಿ ಸಭೆ. ಅಧಿಕಾರಿಗಳು, ಅಂಗಡಿಯವರು, ಟೀಚರಮ್ಮ, ಹೋಂ ಗಾರ್ಡ್, ಎಲ್ಲರೂ ಇದ್ದರು. ನಮ್ಮೂರಿನ ಹಿರಿಯ ವಕೀಲರೊಬ್ಬರು ಅಧ್ಯಕ್ಷರು. ಹೆಂಡತಿ ಕೊನೆಯ ಸಾಲಿನಲ್ಲಿ ಕೂತಿದ್ದಳು. ನಾನು ಎದ್ದು ಗಂಟಲು ಸರಿಮಾಡಿಕೊಂಡು, ಅಪ್ಪನ ಕಾಲದ ಅಂಗಡಿ, ಗಿರಾಕಿಯ ಕಷ್ಟ, ನಮ್ಮ ಅನ್ನ ಎಲ್ಲವನ್ನೂ ಹೇಳಿದೆ. ಆಮೇಲೆ ಫೋಟೋ ತೆಗೆದು ಎತ್ತಿ ಹಿಡಿದೆ.

"ಇದು ಪ್ರಯೋಗದ ಹಿಂದಿನ ದಿನದ ನಮ್ಮ ಬೀದಿ. ಎಷ್ಟು ಕಾರು ನೋಡಿ! ಇಷ್ಟೂ ಗಿರಾಕಿಗಳನ್ನು ನೀವು ಓಡಿಸಿದಿರಿ!"

ವಕೀಲರು ಕನ್ನಡಕ ಹಾಕಿಕೊಂಡು ಫೋಟೋ ಹತ್ತಿರ ತರಿಸಿದರು. ನೋಡಿದರು. ಮತ್ತೂ ನೋಡಿದರು. "ಈ ನೀಲಿ ಕಾರು ಯಾರದ್ದು? ಎಲ್ಲೋ ನೋಡಿದ ಹಾಗಿದೆ."

ಹೋಂ ಗಾರ್ಡ್ ಮುಂದೆ ಬಂದಳು. "ಅದು ಜವಳಿ ಅಂಗಡಿಯವರದು ಸಾರ್. ಮೂರು ತಿಂಗಳು ಎಲ್ಲರ ಹತ್ರ ಬೈಸಿಕೊಂಡಿದೀನಿ, ನಂಬರೆಲ್ಲ ಬಾಯಿಗೆ ಬಂದಿದೆ. ಇದು ಔಷಧಿ ಅಂಗಡಿ. ಇದು ಬೇಕರಿ. ಇದು ಬೇಕರಿಯವರ ತಮ್ಮಂದು. ಇದು ಡಾಕ್ಟರದು. ಇದು ಸ್ಟುಡಿಯೋ." ಕಡೆಗೆ ಒಂದರ ಮೇಲೆ ಬೆರಳಿಟ್ಟು ದನಿ ತಗ್ಗಿಸಿದಳು. "ಇದು ನಿಮ್ಮದು ಸಾರ್."

"ನಂದಾ?" ವಕೀಲರು ಬಗ್ಗಿ ನೋಡಿದರು. "ಹೌದಪ್ಪ, ನಂದೇ."

ಸಭೆಯಲ್ಲಿ ನಗು ಶುರುವಾಯಿತು. ಸಹಿ ಹಾಕಿದವರೆಲ್ಲ ಒಬ್ಬೊಬ್ಬರಾಗಿ ತಲೆ ತಗ್ಗಿಸಿದರು. ಆದರೂ ನಾನು ಬಿಡಲಿಲ್ಲ. "ಈ ಕೆಂಪು ಕಾರು? ನಡುವೆ ನಿಂತಿದೆಯಲ್ಲ, ಇದು ಅಂಗಡಿಯವರದಲ್ಲ! ಕೈ ಬೀಸಿ ನಮ್ಮನ್ನು ಕರೀತಿದ್ದಾರೆ ನೋಡಿ. ಇದು ಗಿರಾಕಿ!"

"ಹೌದು, ಗಿರಾಕಿಯೇ," ಅಂತ ಹಿಂದಿನಿಂದ ದನಿ ಬಂತು. ನನ್ನ ಸಾಕ್ಷಿ, ತುಮರಿಯ ಹಿರಿಯರು, ಎದ್ದು ನಿಂತಿದ್ದರು. "ಅದು ನಾನು. ಆವತ್ತೇ ಹಂಡೆ ತಗಳ್ಳೋಕೆ ಬಂದಿದ್ದೆ. ಮೂರು ಸುತ್ತು ಹೊಡೆದರೂ ಕಾರು ನಿಲ್ಲಿಸೋಕೆ ಜಾಗ ಇಲ್ಲ. ಇವರ ಅಂಗಡಿ ಮುಂದೆ ಬಿಳೀ ಕಾರೊಂದು ಜಪ್ಪಯ್ಯ ಅಂದರೂ ಕದಲಲಿಲ್ಲ. 'ಯಾರ ಕಾರು ಇದು, ತೆಗೀರಿ' ಅಂತ ಕೈ ಬೀಸಿ ಕೂಗ್ತಿದ್ದೆ. ಮೇಲಿಂದ ಇವರು ಫೋಟೋ ಹೊಡೀತಿದ್ರು. ಸಾಕಾಗಿ ವಾಪಸ್ಸು ಹೋದೆ. ಕಾರು ಬಂದ್ ಆದ ಮೇಲೇ ಇವರ ಅಂಗಡಿ ಒಳಗೆ ಕಾಲಿಡೋಕಾಗಿದ್ದು."

ಎಲ್ಲರೂ ಫೋಟೋದಲ್ಲಿ ನನ್ನ ಅಂಗಡಿಯ ಮುಂದೆ ನೋಡಿದರು. ಬಿಳೀ ಕಾರು. ಹೋಂ ಗಾರ್ಡ್ ಬೆರಳು ಅತ್ತ ಹೊರಟಿತು, ನನ್ನ ಮುಖ ನೋಡಿ ಪಾಪ ಅನ್ನಿಸಿತೋ ಏನೋ, ಅರ್ಧದಲ್ಲೇ ನಿಂತಿತು. ಅವಳು ಹೇಳಬೇಕಾಗಿರಲಿಲ್ಲ. ಆ ಕಾರಿನ ಬೀಗದ ಕೈ ಆಗಲೂ ನನ್ನ ಜೇಬಿನಲ್ಲೇ ಇತ್ತು.

ನಾನು ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿದೆ. "ಟೀಚರಮ್ಮನ ಸಾಲೊಂದನ್ನು ಮಾತ್ರ ಓದುತ್ತೇನೆ, ಉಳಿದದ್ದು ಬೇಡ," ಅಂದೆ. ವಯಸ್ಸಾದವರಿಗೆ, ಕಾಯಿಲೆಯವರಿಗೆ ಎರಡು ಆಟೋ ಬಿಡುವುದು, ಸಾಮಾನು ಇಳಿಸುವ ಗಾಡಿಗೆ ಬೆಳಿಗ್ಗೆ ಒಂದು ಹೊತ್ತು ಕೊಡುವುದು, ಭಾರದ ಮಾಲಿಗೆ ಮೈದಾನದವರೆಗೆ ತಳ್ಳುಗಾಡಿ ಇಡುವುದು ಅಂತ ಆಯಿತು. ಕಾರಿನ ಬ್ಯಾರಿಕೇಡ್ ಉಳಿಯಿತು. ಟೀಚರಮ್ಮ ಮಾತ್ರ ಹೋಗುವಾಗ, "ಆಟೋ ಬಂದ್ರೂ ಸ್ಟೂಲು ತೆಗೀಬೇಡಿ, ಹದಿನಾರರ ಮಗ್ಗಿ ಬಾಕಿ ಇದೆ," ಅಂದರು.

ಅಂಗಡಿ ಮುಚ್ಚಬೇಕಾಗಿ ಬರಲಿಲ್ಲ. ಫೋಟೋ ಎಸೆಯಲು ಹೊರಟಿದ್ದೆ, ಹೆಂಡತಿ ಕಸಿದುಕೊಂಡು ಗಲ್ಲಾದ ಮೇಲೆ ಅಪ್ಪನ ಫೋಟೋ ಪಕ್ಕದಲ್ಲೇ ತೂಗುಹಾಕಿದಳು. ಬಂದವರು ಅದನ್ನು ನೋಡಿ, "ಇದೇನು ಫೋಟೋ ಅಮ್ಮಾ?" ಅಂತ ಕೇಳುತ್ತಾರೆ. ಅವಳು ಅಂಥ ಪ್ರಶ್ನೆಗೇ ಕಾದಿರುತ್ತಾಳೆ. ಸೌಟು ಎತ್ತಿ ಅದರ ಹಿಡಿಯಿಂದ ಬಿಳೀ ಕಾರನ್ನು ತೋರಿಸಿ ಹೇಳುತ್ತಾಳೆ:

"ಇವರು ನಮ್ಮ ಖಾಯಂ ಗಿರಾಕಿ. ಇಷ್ಟು ವರ್ಷ ದಿನಾ ಎಲ್ಲರಿಗಿಂತ ಮೊದಲು ಬಂದು, ಅಂಗಡಿ ಮುಚ್ಚೋ ತನಕ ಬಾಗಿಲಲ್ಲೇ ನಿಂತಿರ್ತಿದ್ರು. ಒಂದು ಚಮಚ ತಗೊಂಡವರಲ್ಲ."